ಹೇಳಿದ್ದೆಲ್ಲ ಮಾಡುವ ಪ್ರೋಗ್ರಾಮ್

“ಏನ ಬೇಕಾದ್ದ ಬರೀರಿ, ಹಂಗ ಮಾಡ್ತದ,” ಎಂದು ಆಶಿಷ ಕೀಬೋರ್ಡನ್ನು ಸಾಯಲಿಯ ಕಡೆ ಸರಿಸಿದ.

ಸಾಯಲಿ ಗಡಹಿಂಗ್ಲಜದಿಂದ ಅಪ್ಪನೊಡನೆ ವರನ ಮನೆ ನೋಡಲು ಬಂದಿದ್ದಳು. ಇಬ್ಬರೂ ಸ್ವಲ್ಪ ಮಾತಾಡಿಕೊಳ್ಳಲಿ ಎಂದು ಹಿರಿಯರು ಒಳಕೋಣೆಗೆ ಕಳಿಸಿದ್ದರು. ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು ಖಟಖಟ ಬಡಿದುಕೊಳ್ಳುತ್ತಿದ್ದವು. ಹುಡುಗಿಯ ಜೊತೆ ಏನು ಮಾತಾಡಬೇಕೆಂದು ತಿಳಿಯದೆ ಆಶಿಷ ತಾನು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ತೆರೆದು ಕೂತಿದ್ದ. ಕೆಂಪು ಇಷ್ಟು, ಬಿಳಿ ಇಷ್ಟು ಎಂದು ಒಂದು ಸಾಲು ಬರೆದರೆ ಸಾಕು, ಅಂಥ ಪಟ್ಟೆಯ ಬಟ್ಟೆ ಪಡಸಾಲೆಯ ದೊಡ್ಡ ಟಿವಿಯಲ್ಲಿ ಮೂಡುತ್ತಿತ್ತು. ಅರಿವೆ ಕೊಳ್ಳಲು ಬಂದ ವ್ಯಾಪಾರಿಗಳು ಅದನ್ನು ನೋಡಿ ಬಾಯಿ ಬಿಡುತ್ತಿದ್ದರು.

ಕೊಲ್ಹಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಸಾಯಲಿ ಬಾಯಿ ಬಿಡಲಿಲ್ಲ.

“ನಾ ಬರದದ್ದನ್ನ ಕೋಡಿನಾಗ ಸೇರಿಸಿ ಸೀದಾ ಓಡಸ್ತೀರೇನ್ರಿ? ಇವ್ಯಾಲ್ ಕಮಾಂಡ್ ಹಾಕಿ?”

“ಹೌದ್ರಿ. ಒಂದ ಸಾಲಿನ್ಯಾಗ ಕೆಲಸ ಮುಗೀತು.”

“ಬಣ್ಣಾ ಬಿಟ್ಟು ಬ್ಯಾರೆ ಏನರೆ ಬರದ್ರ? ತಪಾಸ ಮಾಡಂಗಿಲ್ಲ?”

“ಮಂದಿ ಹಂಗ್ಯಾಕ ಬರೀತಾರ್ರಿ?”

ಸಾಯಲಿ ಅವನನ್ನು ಕೆಳಗಿನಿಂದ ಮೇಲಿನತನಕ ನೋಡಿದಳು. “ಈ ಅಂಗಿ ನಿಮ್ಮ ಪಸಂತಿದ್ದಾ?”

“ಅವ್ವನ ಪಸಂತಿದ್ದು.”

“ಮತ್ತ ನಾನು?”

ಸುಳ್ಳು ಹೇಳುವ ಅಭ್ಯಾಸ ಆಶಿಷನಿಗಿರಲಿಲ್ಲ. “ಅವ್ವಂದ ರೀ.”

ಸಾಯಲಿ ಕೀಬೋರ್ಡಿನತ್ತ ತಿರುಗಿ ಸರಸರ ಒಂದು ಸಾಲು ಹೊಡೆದು ಎಂಟರ್ ಒತ್ತಿದಳು.

ಪಡಸಾಲೆಯಿಂದ ಆಶಿಷನ ಅಪ್ಪ ಜಯಪಾಲರ ದನಿ ಕೇಳಿಸಿತು. ಕನ್ನಡಕ ಏರಿಸಿಕೊಂಡು ಟಿವಿಯಲ್ಲಿ ಮೂಡಿದ್ದನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು: “ನಮ್ಮ ಆಶಿಷ ಈ ಹುಡಗೀಗಿ ತಕ್ಕವ ಅಲ್ಲ. ಇಂತಿ, ರತ್ನಮಾಲಾ.” ಹೆಂಡತಿಯ ಕಡೆ ತಿರುಗಿ ಕೇಳಿದರು, “ಇದನ್ನ ಯಾವಾಗ ಬರದಿ?”

“ನಾ ಎಲ್ಲಿ ಬರದೇನ್ರಿ!”

ಆಶಿಷ ಹೊರಗೆ ಓಡಿಬರುವಷ್ಟರಲ್ಲಿ ಸಾಯಲಿಯ ಅಪ್ಪ ಬಾಳಾಸಾಹೇಬರು ಎದ್ದು ಚಪ್ಪಲಿ ಹುಡುಕುತ್ತಿದ್ದರು. “ಹಡದ ತಾಯೀನ ಹಿಂಗ ಅಂದಮ್ಯಾಲ ನಾವೇನ ಅನ್ನೂಣ್ರಿ,” ಎಂದರು, ಮರ್ಯಾದೆ ಬಿಡದೆ.

“ಕೂಡ್ರಿ ಪಪ್ಪಾ,” ಎಂದು ಹಿಂದೆಯೇ ಬಂದ ಸಾಯಲಿ ಹೇಳಿದಳು. “ಅದನ್ನ ಬರದಾಕಿ ನಾನು. ಇವರ ಪ್ರೋಗ್ರಾಮ್ ಯಾರ ಹೆಸರಿಲೆ ಯಾರ ಏನ ಹೇಳಿದ್ರೂ ಮಾಡ್ತದ, ತಿರಗಿ ಕೇಳಂಗಿಲ್ಲ. ಅದನ್ನ ಮದಲ ದುರಸ್ತ ಮಾಡ್ಕೊಳ್ಳಲಿ.”

ರತ್ನಮಾಲಾರ ಮುಖ ಕೆಂಪಾಯಿತು. ಇಷ್ಟು ದಿನ ಹುಡುಕಿ ತಂದ ಸೊಸೆ, ಒಳಗೆ ಬರುವ ಮೊದಲೇ ಅತ್ತೆಯ ಸಹಿ ಹಾಕಿದ್ದಳು!

“ಆಶಿಷ! ಇಂಥಾಕಿ ನಮಗ ಬ್ಯಾಡ ಅಂತ ಹೇಳು. ಈಗಿಂದೀಗ ಹೇಳು!”

ಆಶಿಷ ಬಾಯಿ ತೆರೆದ. ಹೇಳಬೇಕಾದ ಮಾತು ಎಂದಿನಂತೆ ತಯಾರಾಗಿ ನಾಲಿಗೆಯ ತುದಿಗೆ ಬಂದಿತ್ತು. ಸಾಯಲಿ ಅವನನ್ನೇ ನೋಡುತ್ತಿದ್ದಳು.

“ಯಾಕವ್ವಾ?” ಎಂದ.

ಲಗ್ನವಾದಂದಿನಿಂದ ಆ ಒಂದು ಪ್ರಶ್ನೆ ಕೇಳಲು ಧೈರ್ಯ ಸಾಲದೆ ಬಂದಿದ್ದ ಜಯಪಾಲರು, ಹೆಂಡತಿಯ ಕಡೆ ತಪ್ಪಿಯೂ ನೋಡದೆ, ಲಾಡುವಿನ ತಟ್ಟೆಯನ್ನು ಮೆಲ್ಲಗೆ ಸಾಯಲಿಯ ಮುಂದೆ ಸರಿಸಿದರು.