ದೇವರಮನೆಯ ಪ್ಲೇಟು

ಆ ದಿನ ಬೆಳಿಗ್ಗೆ ಮೈಸೂರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಚಾಮುಂಡಿ ಬೆಟ್ಟ ಇದ್ದ ಕಡೆ ಬರೀ ಬಿಳುಪು. ಮೃತ್ಯುಂಜಯ ತನ್ನ ಹಳೇ ಸಾಮಾನಿನ ಅಂಗಡಿಯ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುವಷ್ಟರಲ್ಲೇ ಯೋಗೇಂದ್ರ ಒಳಗೆ ಬಂದು ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆಗೆ ಕೈ ಹಾಕಿದ್ದ. ಅವನು ಅರಸೀಕೆರೆಯ ಬ್ಯಾಂಡ್ ಸೆಟ್ಟಿನಲ್ಲಿ ಸ್ಯಾಕ್ಸೊಫೋನ್ ಊದುವವನು. ಸಂಜೆ ಇಲ್ಲೊಂದು ಆರತಕ್ಷತೆಗೆ ಊದಬೇಕಿತ್ತು. ಅಲ್ಲಿಯವರೆಗೆ ಹೊತ್ತು ಅವನದೇ.

ಹಿಂದೆ ಯಾವುದೋ ಊರಿನ ಹೋಟೆಲಿನಲ್ಲಿ, ಮೂಲೆಯಲ್ಲಿ ತಿರುಗುತ್ತಿದ್ದ ಪ್ಲೇಟಿನಿಂದ ತನ್ನದೇ ವಾದ್ಯ ಮಾತಾಡುವುದನ್ನು ಅವನು ಕೇಳಿದ್ದ. ತಾನು ಒಮ್ಮೆಯೂ ಹಾಗೆ ಊದಿರಲಿಲ್ಲ. ‘ಇದು ಜಾಜ್, ಅಮೆರಿಕದ ಸಂಗೀತ’ ಎಂದು ಯಾರೋ ಹೇಳಿದರು. ಊದಿದವನ ಹೆಸರು ಕೇಳುವಷ್ಟರಲ್ಲಿ ಬ್ಯಾಂಡಿನವರು ಕೂಗಿ ಕರೆದರು. ನೆನಪಿನಲ್ಲಿ ಉಳಿದದ್ದು ಕವರಿನ ಚಿತ್ರ ಮಾತ್ರ: ನೀಲಿಯ ನಡುವೆ, ಕಣ್ಣು ಮುಚ್ಚಿ ವಾದ್ಯವನ್ನು ಎದೆಗೆ ಅಪ್ಪಿಕೊಂಡ ಒಬ್ಬ ಮನುಷ್ಯ. ಹೆಸರೇ ಗೊತ್ತಿಲ್ಲದ್ದನ್ನು ಮೊಬೈಲು ತಾನೇ ಹೇಗೆ ಹುಡುಕೀತು? ಅಂದಿನಿಂದ ಬ್ಯಾಂಡು ಹೋದ ಊರಲ್ಲೆಲ್ಲ ಹಳೇ ಅಂಗಡಿಗಳನ್ನು ಹೊಗುವುದೇ ಅವನ ತೀರ್ಥಯಾತ್ರೆ. ಇನ್ನೊಂದು ಸಲ ಕೇಳಿದರೆ ಆ ನಾದ ತನ್ನ ಉಸಿರಿಗೂ ಇಳಿದೀತು ಎಂಬ ಆಸೆ.

“ಸಾರ್, ಸಿಕ್ಬುಡ್ತು! ಇದೇ ಕವರು!”

“ಮೆಲ್ಲಗೆ ಕಣ್ರೀ, ಬೀದಿಯೆಲ್ಲ ಎದ್ದೀತು,” ಎನ್ನುತ್ತ ಮೃತ್ಯುಂಜಯ ಪ್ಲೇಟನ್ನು ಮಷೀನಿಗೆ ಏರಿಸಿ ಮುಳ್ಳು ಇಳಿಸಿದ. ಚರಚರ ಸದ್ದಿನ ಹಿಂದೆ ಬಂದದ್ದು ಹಾರ್ಮೋನಿಯಂ. ಅದರ ಹಿಂದೆ ಎಳೆಯ ಹುಡುಗಿಯರ ವಚನ ಗಾಯನ.

ಯೋಗೇಂದ್ರನ ಮುಖ ಸಪ್ಪಗಾಯಿತು. “ಇದೇನ್ ಸಾರ್, ಈ ಅಮೆರಿಕದೋನು ಶಿವ ಶಿವಾ ಅಂತಾವ್ನೆ?”

ಮೃತ್ಯುಂಜಯ ಹಣೆ ಚಚ್ಚಿಕೊಂಡ. “ಅಯ್ಯೋ ಶಿವನೇ, ಕವರು ಅದಲು ಬದಲಾಗ್ಬುಟ್ಟಿದೆ. ವಚನದ ಕವರನ್ನ ಯಾದವಗಿರಿಯ ಗಿರಿಜಾಂಬಾ ಅವ್ರು ಹೋದ ಶಿವರಾತ್ರಿಗೆ ತಗೊಂಡ್ ಹೋದ್ರು. ನಿಮ್ಮ ಜಾಜು ಅದರೊಳಗೆ ಹೋಗಿದೆ.”

“ಅವ್ರು ಹಾಕಿ ಕೇಳ್ಲಿಲ್ವಾ?”

“ಅವರ ಮನೇಲಿ ಮಷೀನಿಲ್ಲ. ಆ ಹುಡುಗೀರಲ್ಲಿ ಅವ್ರೂ ಒಬ್ರು ಕಣ್ರೀ. ಮಠದ ಹಾಸ್ಟೆಲಲ್ಲಿದ್ದಾಗ ಹಾಡಿದ್ದಂತೆ. ಪ್ಲೇಟು ಹೊರಗೆ ಬರೋ ಹೊತ್ತಿಗೆ ಮದುವೆ ಆಗಿ ಹೊರಟುಹೋಗಿದ್ರು. ಇವತ್ತಿಗೂ ಕೇಳಿಲ್ಲ. ಮಷೀನು ಹೊತ್ಕೊಂಡು ಬರ್ತೀನಿ ಅಂದಿದ್ದೆ... ಅಂದಿದ್ದೇ ಬಂತು.”

ಬ್ಯಾಟರಿಯ ಮಷೀನನ್ನೂ ಕವರಿನ ಸಮೇತ ಪ್ಲೇಟನ್ನೂ ಯೋಗೇಂದ್ರನ ಮಡಿಲಿಗಿಟ್ಟು ಮೃತ್ಯುಂಜಯ ಸ್ಕೂಟರ್ ಹೊರಡಿಸಿದ. ಗಿರಿಜಾಂಬಾ ಆಗ ತಾನೇ ಪೂಜೆ ಮುಗಿಸಿದ್ದರು. ಬನ್ನಿ ಬನ್ನಿ ಎಂದು ಅವರು ಚಾಪೆ ಹಾಸುವಾಗ ಯೋಗೇಂದ್ರನ ಕಣ್ಣು ದೇವರಮನೆಯೊಳಗೆ ಹೋಯಿತು. ದೀಪದ ಪಕ್ಕದಲ್ಲಿ, ಲಿಂಗದ ಚಿತ್ರವಿದ್ದ ವಚನದ ಕವರು ಗೋಡೆಗೊರಗಿತ್ತು. ಅದಕ್ಕೆ ವಿಭೂತಿಯ ಪಟ್ಟೆ. ಮೇಲೆ ಒಂದೆಸಳು ಪತ್ರೆ, ಎರಡು ಕಣಗಿಲೆ ಹೂವು.

ಮೃತ್ಯುಂಜಯ ಯೋಗೇಂದ್ರನನ್ನು ಮೊಣಕೈಯಿಂದ ತಿವಿದ. “ನೀವೇ ಹೇಳಿ.”

“ಅಂಗಡಿ ನಿಮ್ದು. ನೀವೇ ಹೇಳಿ.”

“ಏನ್ರಪ್ಪಾ ಇದು, ಹೆಣ್ಣು ನೋಡೋಕೆ ಬಂದೋರ ಹಾಗೆ ಒಬ್ಬರ ಮುಖ ಒಬ್ಬರು ನೋಡ್ತಾ ಕೂತಿದ್ದೀರಲ್ಲ?” ಎಂದರು ಗಿರಿಜಾಂಬಾ.

ಯೋಗೇಂದ್ರ ಮಡಿಲಲ್ಲಿದ್ದ ಪ್ಲೇಟನ್ನು ನೋಡಿಕೊಂಡ. ಸುಮ್ಮನೆ ಎದ್ದು ಹೋಗಿಬಿಟ್ಟರೆ ಆ ಪೂಜೆ ಕೆಡುವುದಿಲ್ಲ. ಆದರೆ ಪ್ಲೇಟು ಕೈಗೆ ಬರುವುದಿಲ್ಲ, ಈ ತಾಯಿಗೆ ತನ್ನ ಹಾಡೂ ದಕ್ಕುವುದಿಲ್ಲ. “ಅಮ್ಮಾ, ಆ ಕವರೊಳಗೆ ಇರೋದು ವಚನ ಅಲ್ಲ. ಅಮೆರಿಕದ ಸಂಗೀತ. ಹೋಟೆಲಲ್ಲಿ, ಕುಡಿಯೋ ಕಡೆ ಎಲ್ಲಾ ಊದ್ತಾರೆ. ನಿಮ್ಮ ಹಾಡು ಇಲ್ಲಿದೆ, ನನ್ನ ಕೈಲಿ.”

ಚಾಪೆಯ ಅಂಚು ಸರಿಮಾಡುತ್ತಿದ್ದ ಅವರ ಕೈ ನಿಂತಿತು. ದೇವರಮನೆಯ ಕಡೆ ನೋಡಿದರು. ಮೃತ್ಯುಂಜಯ ತಲೆ ಎತ್ತಲಿಲ್ಲ.

“ಶಿವರಾತ್ರಿ ಜಾಗರಣೆ, ಶ್ರಾವಣದ ಸೋಮವಾರ, ಎಲ್ಲಾ ಆ ಊದೋನಿಗೇ ಸಂದಿತಾ?” ಎಂದರು. ತುಟಿಯ ಕೊನೆ ಅದುರಿತು; ಅಳುವೇನೋ ಅಂದುಕೊಂಡರೆ ನಗು. “ಹಾಗಾದ್ರೆ ಆ ಮಹರಾಯನಿಗೂ ಲಿಂಗದೀಕ್ಷೆ ಆಯ್ತು ಅನ್ನಿ!”

ಮೊದಲು ವಚನ ತಿರುಗಿತು. ಗಿರಿಜಾಂಬಾ ಮಷೀನಿನ ಹತ್ತಿರಕ್ಕೆ ಸರಿದು, ಗುಂಪಿನಲ್ಲಿ ಮಗುವನ್ನು ಹುಡುಕುವವರ ಹಾಗೆ ಕಿವಿಗೊಟ್ಟರು. ಹಾಡು ಮುಗಿದರೂ ಬಾಗಿದ ತಲೆ ಹಾಗೇ ಇತ್ತು.

“ಇದರಲ್ಲಿ ನಾನು ಯಾವಳು ಅಂತ ನನಗೇ ಗೊತ್ತಾಗ್ಲಿಲ್ಲ ಕಣಪ್ಪ,” ಎಂದರು. “ಹೋಗ್ಲಿ ಬಿಡು. ಎಲ್ಲಾರೂ ನಾನೇ ಅಂದ್ಕೊಂಡ್ರಾಯ್ತು. ಈಗ ಅವನದೂ ಹಾಕು. ಅಷ್ಟು ದಿನ ಹೂವಿಟ್ಟಿದ್ದೀನಿ, ದನಿ ಕೇಳಬೇಡ್ವಾ?”

ಮೊದಲ ಸ್ವರಕ್ಕೇ ಯೋಗೇಂದ್ರನಿಗೆ ಗುರುತು ಸಿಕ್ಕಿತು. ಅದೇ. ಅವನಿಗೇ ಗೊತ್ತಿಲ್ಲದಂತೆ ತುಟಿ ಬಿಗಿಯಿತು, ಬರಿಗಾಳಿಯಲ್ಲಿ ಬೆರಳು ಆಡತೊಡಗಿದವು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಬಿಡಬೇಕು, ಈಗ ತಿಳಿಯುತ್ತಿತ್ತು. ಗಿರಿಜಾಂಬಾ ಅವನನ್ನೇ ನೋಡುತ್ತ ಕೂತಿದ್ದರು.

“ಏನು ಕೇಳ್ಕೋತಾನಪ್ಪ ಇವನು, ಇಷ್ಟೊಂದು ಕರೆದು ಕರೆದು?”

“ಗೊತ್ತಿಲ್ಲಮ್ಮ. ನಾನೂ ಅದನ್ನೇ ಹುಡುಕ್ತಿದ್ದೀನಿ.”

ಪ್ಲೇಟು ನಿಂತಿತು. ಗಿರಿಜಾಂಬಾ ಅದನ್ನು ಅಂಚು ಹಿಡಿದು ಎತ್ತಿ, ಅದರದೇ ನೀಲಿ ಕವರಿಗೆ ಸೇರಿಸಿದರು. ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಈ ಕಣ್ಣಿಗೆ, ಒಮ್ಮೆ ಆ ಕಣ್ಣಿಗೆ ಒತ್ತಿಕೊಂಡು, ಯೋಗೇಂದ್ರನ ಕೈಗಿಟ್ಟರು.