ಅತ್ತೆ ಬೇಯಿಸಿದ ಮೊಟ್ಟೆ

ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಅಡುಗೆಮನೆಯಲ್ಲಿ ಅತ್ತೆ ತಾವೇ ಮೊಟ್ಟೆ ಬೇಯಿಸಿ, ಹಳದಿ ತೆಗೆದು, ಸೊಸೆಯ ತಟ್ಟೆಗಿಟ್ಟರು.

"ಡುಮ್ಮಿ ಅಂತ ಎಷ್ಟೋ ಆಡ್ಕೊಂಡಿದೀನಿ. ಮನಸ್ಸಿಗೆ ಹಚ್ಕೋಬೇಡ. ತಿನ್ನು."

"ನಿಮ್ಮ ಮಡಿ, ಅತ್ತೆ?"

"ನಿನ್ನ ಆರೋಗ್ಯಕ್ಕಿಂತ ಮಡಿ ಹೆಚ್ಚಾ? ಕೊಬ್ಬೂ ಕರಗಬೇಕು, ಮೈಯಲ್ಲಿ ಕಸುವೂ ತುಂಬಬೇಕು. ಜಿಮ್ ಮಾತ್ರ ತಪ್ಪಿಸ್ಬೇಡ."

ಮಾವ ಹಾಸಿಗೆ ಹಿಡಿದಿದ್ದರು. ಅಂಥ ಸಂಕಟದಲ್ಲೂ ಅತ್ತೆಗೆ ಸೊಸೆಯದೇ ಚಿಂತೆ ಎಂದು ಅವಳ ಕಣ್ಣು ತುಂಬಿತು.

ಬೇಸಿಗೆ ಕಳೆಯುವಷ್ಟರಲ್ಲಿ ಹೊಟ್ಟೆ ಕರಗಿ ತೋಳು ಗಟ್ಟಿಯಾಯಿತು. ಅತ್ತೆಯೇ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ಮರುದಿನ ಜಿಮ್ಮಿನಿಂದ ಬಂದವಳು ಅತ್ತೆಯ ಕಾಲಿಗೆ ಬೀಳೋಣವೆಂದು ಒಳಗೆ ಹೋದಳು. ಅತ್ತೆ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದರು:

"ಹೆದರ್ಕೊಂಡು ತವರಿಗೆ ಬರೋದೇ ಬಿಟ್ಟಿದ್ಯಲ್ಲ, ಈ ಹಬ್ಬಕ್ಕೆ ಬಾರೇ. ನಿಮ್ಮಪ್ಪಂಗೆ ಲಿವರ್ ಇನ್ನು ಇವಳೇ ಕೊಡಬಹುದಂತೆ."