ಬೆಲ್ಲದೊಳಗಿನ ತುಂಡು

ಇಂಥದ್ದನ್ನು ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ, ಓದುವವರು ಕ್ಷಮಿಸಬೇಕು. ಪ್ರಿಯದರ್ಶನಿ ಬೆಲ್ಲದ ಉಂಡೆಯನ್ನು ತುಟಿಯವರೆಗೆ ತಂದು ಹಾಗೇ ಹಿಡಿದಿದ್ದಳು. ಉಂಡೆಯೊಳಗೆ ಮೈದುನನ ಕೂಸಿನ, ಒಣಗಿ ಬಿದ್ದ ಹೊಕ್ಕುಳಬಳ್ಳಿಯ ತುಂಡಿತ್ತು. ಅದನ್ನು ನುಂಗಿದರೆ ಮಕ್ಕಳಾಗದ ಸೊಸೆಗೆ ಬಸಿರು ನಿಲ್ಲುತ್ತದೆಂದು ಅತ್ತೆ ಚಂಪಾಬಾಯಿ ನಂಬಿದ್ದರು. ಕೊಲ್ಹಾಪುರದ ಡಾಕ್ಟರರು ಕೈಚೆಲ್ಲಿ ವರ್ಷವಾಗಿತ್ತು.

“ಅತ್ತೀ, ನಾವು ಜೈನರು, ಉಳ್ಳಾಗಡ್ಡಿ ಸೈತ ತಿನ್ನಂಗಿಲ್ಲ. ಇದು ಮನಷ್ಯಾರ ಮಾಂಸ ಅಲ್ಲೇನ್ರಿ?”

“ತಾನಾಗೇ ಉದುರಿದ್ದಕ್ಕ ಹಿಂಸಾ ಎಲ್ಲಿಂದ ಬಂತು?” ಎಂದರು ಅತ್ತೆ.

ಕೂಸಿನ ತಾಯಿ ರುತುಜಾ ನಕ್ಕಳು. “ಹಡದಾಕಿ ನಾನ ಕೊಡಾಕತ್ತೇನಿ, ತಗೋರಿ ಅಕ್ಕಾ. ನೀವೇನು ಕಸಗೊಂಡಿಲ್ಲ.”

ಹೌದು, ಯಾರೂ ಸತ್ತಿಲ್ಲ, ಯಾರಿಗೂ ನೋವಾಗಿಲ್ಲ. ಪ್ರಿಯದರ್ಶನಿ ಕಣ್ಣು ಮುಚ್ಚಿ ಬಾಯಿ ತೆರೆದಳು.

“ತಿನ್ನವ್ವಾ,” ಅತ್ತೆ ಧೈರ್ಯ ತುಂಬಿದರು. “ಬ್ಯಾರೆ ಯಾರದೂ ಅಲ್ಲ, ನಮ್ಮ ಹರ್ಷದಂದ ಐತಿ.”

ಹರ್ಷದ. ನಿನ್ನೆಯಷ್ಟೇ ಕೂಸನ್ನು ತೊಟ್ಟಿಲಲ್ಲಿಟ್ಟು ಕರೆದ ಹೆಸರು ಅದು. ಕಿವಿಗೆ ಬಿದ್ದದ್ದೇ ಅವಳ ಬಾಯಿ ಮುಚ್ಚಿಕೊಂಡಿತು. ಉಂಡೆಯನ್ನು ತಟ್ಟೆಯಲ್ಲಿಟ್ಟಳು. ಬೆರಳಿಗಂಟಿದ ಬೆಲ್ಲವನ್ನೂ ನೆಕ್ಕದೆ ಸೆರಗಿಗೆ ಒರೆಸಿಕೊಂಡಳು. ಹೆಸರೇ ಇಡದ ಕೂಸಿನದಾಗಿದ್ದರೆ ತಿನ್ನುತ್ತಿದ್ದಳೋ ಏನೋ. ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿದಿಲ್ಲ.